ಊರಿನ ದಾರಿಯಲ್ಲಿ ದೋಹಾ

ಕೊಲ್ಲಿ ದೇಶಗಳ ವಿಮಾನ ನಿಲ್ದಾಣಗಳನ್ನು ಉತ್ತರ ಕನ್ನಡ, ಉಡುಪಿ, ಮಂಗಳೂರಿನ ಕಡೆಯ ಕುಟುಂಬಗಳಷ್ಟು ನೋಡಿದವರು ನಾಡಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಆದರೆ ಆ ನಿಲ್ದಾಣಗಳ ಗಾಜಿನ ಗೋಡೆಯಾಚೆ ಇರುವ ಊರುಗಳನ್ನು ನೋಡಿದವರು, ದುಡಿಯಲು ಹೋದವರನ್ನು ಬಿಟ್ಟರೆ, ತೀರಾ ವಿರಳ. ಯುರೋಪಿಗೋ ಅಮೆರಿಕಕ್ಕೋ ಹೋಗಿ ಬರುವ ನನ್ನ ವಯಸ್ಸಿನವರನ್ನು ದೋಹಾದ ಬಗ್ಗೆ ಕೇಳಿದರೆ, ನಿಲ್ದಾಣದ ನಡುವೆ ಕುಳಿತಿರುವ ಆ ದೈತ್ಯ ಹಳದಿ ಕರಡಿಯ ಮುಂದೆ ತೆಗೆಸಿಕೊಂಡ ಫೋಟೋ ತೋರಿಸುತ್ತಾರೆ. ಅದಕ್ಕಿಂತ ಹೆಚ್ಚಿನದು ಅಲ್ಲಿ ಏನೋ ಇರಬಹುದು ಎಂಬ ಕುತೂಹಲ ನನಗೆ ಮೊದಲಿನಿಂದಲೂ ಇತ್ತು. ಬರ್ಲಿನ್‌ನಲ್ಲಿರುವ ಮಗಳ ಬಾಣಂತನ ಮುಗಿಸಿ, ಷೆಂಗೆನ್ ವೀಸಾದ 90 ದಿನಗಳ ಮಿತಿ ತೀರುವ ಮೊದಲೇ ಹೊರಡಬೇಕಾಗಿ ಬಂದಾಗ, ಬೆಳಿಗ್ಗೆ ದೋಹಾ ತಲುಪಿ ತಡರಾತ್ರಿ ಬೆಂಗಳೂರಿಗೆ ಹೊರಡುವ ಟಿಕೆಟನ್ನೇ ಹುಡುಕಿ ತೆಗೆಸಿಕೊಂಡೆ. ನಮ್ಮವರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. "ಮೊಮ್ಮಗುವನ್ನು ಬಿಟ್ಟು ಹೊರಟ ಮೇಲೆ ನೆಟ್ಟಗೆ ಮನೆ ಸೇರಬೇಕು, ನಡುವೆ ಇದೆಂಥ ತಿರುಗಾಟ ನಿನ್ನದು" ಎಂದು ಹೇಳುತ್ತಲೇ ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡರು.

ವ್ಯವಸ್ಥೆಯ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಭಾರತದ ಪಾಸ್‌ಪೋರ್ಟ್ ಇರುವವರು ಕತಾರ್‌ಗೆ ಮುಂಚಿತವಾಗಿ ವೀಸಾ ಪಡೆಯಬೇಕಾಗಿಲ್ಲ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು, ಮುಂದಿನ ಪ್ರಯಾಣದ ಟಿಕೆಟ್ ಇರಬೇಕು, ಕತಾರ್ ಏರ್‌ವೇಸ್‌ನ ಪ್ರವಾಸ ಸಂಸ್ಥೆಯಾದ ಡಿಸ್ಕವರ್ ಕತಾರ್ ಮೂಲಕ ಕಾಯ್ದಿರಿಸಿದ ಹೋಟೆಲ್ ಕೊಠಡಿ ಇರಬೇಕು. ಇಂಥ ನಿಯಮಗಳು ಬದಲಾಗುತ್ತಿರುವುದರಿಂದ ಟಿಕೆಟ್ ತೆಗೆಯುವಾಗಲೇ ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ದೊಡ್ಡ ಪೆಟ್ಟಿಗೆಗಳು ನೇರವಾಗಿ ಬೆಂಗಳೂರಿಗೆ ಹೋಗುತ್ತವಾದ್ದರಿಂದ ಔಷಧಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಔಷಧಿಯ ಜೊತೆ ವೈದ್ಯರ ಚೀಟಿಯೂ ಇರಲಿ. ಇನ್ನೊಂದು ಎಚ್ಚರಿಕೆಯನ್ನು ಬಾಣಂತನಕ್ಕೆ ಹೋಗಿ ಬರುವ ತಾಯಂದಿರಿಗಾಗಿಯೇ ಹೇಳಬೇಕು. ನಮ್ಮ ಪಾಯಸದ ಗಸಗಸೆ ಕೊಲ್ಲಿಯ ಕೆಲವು ದೇಶಗಳಲ್ಲಿ ಮಾದಕ ವಸ್ತುಗಳ ಪಟ್ಟಿಯಲ್ಲಿದೆ. ಉಳಿದಿದ್ದ ಡಬ್ಬಿಯನ್ನು ಮಗಳ ಅಡುಗೆಮನೆಯಲ್ಲೇ ಬಿಟ್ಟು ಬಂದೆ. ಚಳಿಗಾಲದ ಆರಂಭದಲ್ಲಿ ಬಂದದ್ದೂ ಒಳ್ಳೆಯದಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬಿಸಿಲಿನಲ್ಲಿ ಈ ಊರನ್ನು ನಡೆದು ನೋಡುತ್ತೇನೆ ಎನ್ನುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ನಿಲ್ದಾಣದಿಂದ ಪೇಟೆಗೆ ಮೆಟ್ರೊ ಇದೆ. 2019ರಲ್ಲಿ ಶುರುವಾದ, ಚಾಲಕರಿಲ್ಲದೆ ಓಡುವ ರೈಲು. ಒಂದು ಪ್ರಯಾಣಕ್ಕೆ 2 ರಿಯಾಲ್, ಇಡೀ ದಿನ ಓಡಾಡಲು 6 ರಿಯಾಲ್. ಕೆಂಪು ಮಾರ್ಗದಲ್ಲಿ ಮುಶೈರಿಬ್ ನಿಲ್ದಾಣಕ್ಕೆ ಬಂದು ಅಲ್ಲಿಂದ ಚಿನ್ನದ ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಸೂಕ್ ವಾಕಿಫ್, ಅಂದರೆ ಹಳೆಯ ಪೇಟೆ. ನಾನು ಓದಿಕೊಂಡು ಹೋಗಿದ್ದ ಪಟ್ಟಿಯಲ್ಲಿ ಮುತ್ತಿನ ದ್ವೀಪ, ರಾಷ್ಟ್ರೀಯ ವಸ್ತುಸಂಗ್ರಹಾಲಯ, ವಿಶ್ವಕಪ್ ಫುಟ್‌ಬಾಲಿನ ಕ್ರೀಡಾಂಗಣ, ಮರಳುಗಾಡಿನ ಜೀಪ್ ಸವಾರಿ ಎಲ್ಲವೂ ಇದ್ದವು. ಅವನ್ನೆಲ್ಲ ಹೊಡೆದು ಹಾಕಿ ಮೂರನ್ನು ಮಾತ್ರ ಉಳಿಸಿಕೊಂಡೆವು. ಮುಕ್ಕಾಲು ದಿನದಲ್ಲಿ ಏಳು ಜಾಗ ನೋಡುವವರು ಏಳು ಟ್ಯಾಕ್ಸಿಗಳ ಒಳಗನ್ನು ನೋಡಿ ಬರುತ್ತಾರೆ ಎಂಬುದು ನನ್ನ ಹಳೆಯ ಅಭಿಪ್ರಾಯ.

ಸಮುದ್ರದ ಅಂಚಿನ ಇಸ್ಲಾಮಿಕ್ ಕಲೆಯ ವಸ್ತುಸಂಗ್ರಹಾಲಯಕ್ಕೆ ಮೊದಲು ಹೋದೆವು. ಪ್ಯಾರಿಸ್ಸಿನ ಲೂವ್ರ್ ಅಂಗಳದ ಗಾಜಿನ ಪಿರಮಿಡ್ ಕಟ್ಟಿದ ಐ. ಎಂ. ಪೇಯಿ ಅವರೇ ಇದರ ವಾಸ್ತುಶಿಲ್ಪಿ. ನಿವೃತ್ತಿಯಿಂದ ಮರಳಿ ಬಂದು ಈ ಕೆಲಸ ಒಪ್ಪಿಕೊಂಡ ಅವರಿಗೆ, 2008ರಲ್ಲಿ ಕಟ್ಟಡ ತೆರೆದಾಗ ತೊಂಬತ್ತು ದಾಟಿತ್ತು. ಇಸ್ಲಾಮಿಕ್ ವಾಸ್ತುವಿನ ಸಾರ ಯಾವುದೆಂದು ದೇಶದೇಶ ಸುತ್ತಿ ಹುಡುಕಿದ ಪೇಯಿ, ಕೊನೆಗೆ ಕೈರೋದ ಇಬ್ನ್ ತುಲೂನ್ ಮಸೀದಿಯ ಅಂಗಳದಲ್ಲಿರುವ, ಪ್ರಾರ್ಥನೆಗೆ ಮುಂಚೆ ಕೈಕಾಲು ತೊಳೆಯುವ ಸಣ್ಣ ಗುಮ್ಮಟದ ಮಂಟಪದಲ್ಲಿ ಅದನ್ನು ಕಂಡರಂತೆ. ಚೌಕದ ಮೇಲೆ ಎಂಟು ಮೂಲೆ, ಎಂಟು ಮೂಲೆಯ ಮೇಲೆ ವೃತ್ತ. ದೋಹಾದ ಕಟ್ಟಡವೂ ಅದೇ ಲೆಕ್ಕದಲ್ಲಿ ಮೇಲೇರುತ್ತದೆ. ಮುಂದೊಂದು ದಿನ ಪಕ್ಕದಲ್ಲಿ ಯಾರಾದರೂ ಗೋಪುರ ಎಬ್ಬಿಸಿ ಇದನ್ನು ಮರೆಮಾಡಿಯಾರು ಎಂಬ ಭಯದಿಂದ, ದಡದಾಚೆ ಕೃತಕ ದ್ವೀಪ ಮಾಡಿಸಿ ಅದರ ಮೇಲೆ ಕಟ್ಟಿದರು. ಕೊಲ್ಲಿಯ ಆಚೆ ದಡದಲ್ಲಿ ಒತ್ತೊತ್ತಾಗಿ ನಿಂತಿರುವ ಗಾಜಿನ ಗೋಪುರಗಳನ್ನು ನೋಡಿದರೆ ಆ ಮುದುಕ ಎಷ್ಟು ದೂರಾಲೋಚನೆಯವನಾಗಿದ್ದ ಎಂದು ತಿಳಿಯುತ್ತದೆ. ಒಳಗಿನ ವಸ್ತುಗಳನ್ನು ನಾವು ಬೇಗ ಬೇಗ ನೋಡಿದೆವು. ಅವು ಅದ್ಭುತವಾಗಿವೆ, ಆದರೆ ಯುರೋಪಿನ ಸಂಗ್ರಹಾಲಯಗಳಲ್ಲಿ ಮೂರು ತಿಂಗಳು ಇಂಥವನ್ನೇ ನೋಡಿದ ಕಣ್ಣಿಗೆ ಸಾಕಾಗಿತ್ತು.

ಸೂಕ್ ವಾಕಿಫ್ ಬೇರೆಯೇ ತರಹ. ಒಂದು ಕಾಲದಲ್ಲಿ ಮರಳುಗಾಡಿನ ಅಲೆಮಾರಿಗಳು ಉಣ್ಣೆ, ತುಪ್ಪ, ಕುರಿ ತಂದು, ದೋಣಿಯವರು ಮೀನು, ಅಕ್ಕಿ ತಂದು ಮಾರಿಕೊಳ್ಳುತ್ತಿದ್ದ ಸಂತೆ ಇದು. 2003ರಲ್ಲಿ ಬೆಂಕಿಗೆ ಸಿಕ್ಕಿ ಬಹಳಷ್ಟು ಹಾಳಾದ ಮೇಲೆ ಕಾಂಕ್ರೀಟನ್ನು ಕಿತ್ತು, ಮಣ್ಣಿನ ಗಾರೆ, ಕಾಂಡ್ಲಾ (ಮ್ಯಾಂಗ್ರೋವ್) ಮರದ ದುಂಡು ತೊಲೆ ಬಳಸಿ ಹಳೆಯ ರೂಪಕ್ಕೆ ತಂದಿದ್ದಾರೆ. ಹಾಗಾಗಿ ಇದು ಅರ್ಧ ಹಳೆಯದು, ಅರ್ಧ ಹಳೆಯದರಂತೆ ಕಾಣುವ ಹೊಸದು. ಅದನ್ನು ಮುಚ್ಚಿಟ್ಟುಕೊಳ್ಳುವ ಅಗತ್ಯವೇನೂ ಇಲ್ಲ. ತೊಲೆಗಳಲ್ಲಿ ನನಗೆ ವಿಶೇಷ ಆಸಕ್ತಿ ಹುಟ್ಟಿತು. ಮನೆ ಕಟ್ಟುವಂಥ ಮರ ಬೆಳೆಯದ ಈ ನೆಲಕ್ಕೆ ಹಿಂದೆ ಕಾಂಡ್ಲಾ ಕಂಬಗಳು ಬರುತ್ತಿದ್ದುದು ಪೂರ್ವ ಆಫ್ರಿಕಾದ ತೀರದಿಂದ, ದೋಣಿ ಕಟ್ಟುವ ತೇಗ ಬರುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ. ವಿಜಯನಗರದ ಕಾಲಕ್ಕೆ ಹೊರ್ಮುಜ್‌ನಿಂದ ಹೊರಟ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದವು ಎಂಬುದನ್ನು ಶಾಲೆಯಲ್ಲಿ ಓದಿದ್ದೆವು. ಅದೇ ನೀರಿನ ಮೇಲೆ ನಮ್ಮ ಕಡೆಯಿಂದ ಏನು ಹೋಯಿತು ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಪೇಟೆಯ ಒಂದು ಬದಿಯಲ್ಲಿ ಗಿಡುಗಗಳ ಅಂಗಡಿಗಳಿವೆ. ಹಸಿರು ಚಾಪೆ ಹೊದಿಸಿದ ಕುಳ್ಳ ಗೂಟಗಳ ಮೇಲೆ, ಕಣ್ಣಿಗೆ ಚರ್ಮದ ಟೊಪ್ಪಿಗೆ ಹಾಕಿಸಿಕೊಂಡು, ಸಾಲಾಗಿ ಕುಳಿತ ಹಕ್ಕಿಗಳು. ಬಿಳಿಯ ನಿಲುವಂಗಿಯ ಯುವಕನೊಬ್ಬ ಒಂದನ್ನು ಕೈಗವಸಿನ ಮೇಲೆ ಕೂರಿಸಿಕೊಂಡು ಅದರ ಟೊಪ್ಪಿಗೆಯ ದಾರವನ್ನು ಒಂದು ಕಡೆ ಬೆರಳಿನಿಂದ, ಇನ್ನೊಂದು ಕಡೆ ಹಲ್ಲಿನಿಂದ ಹಿಡಿದು ಎಳೆದ. ಟೊಪ್ಪಿಗೆ ಸಡಿಲವಾಯಿತು, ಹಕ್ಕಿ ಕಣ್ಣು ಬಿಟ್ಟಿತು. ಕಪ್ಪು ಕಣ್ಣು, ಸುತ್ತ ಅರಿಶಿನ ಬಣ್ಣದ ಉಂಗುರ. ಅದು ನಮ್ಮಿಬ್ಬರನ್ನು ಒಮ್ಮೆ ನೋಡಿ, ತನಗೆ ಬೇಕಾದದ್ದೇನೂ ಇಲ್ಲಿಲ್ಲ ಎಂದುಕೊಂಡು ಬೇರೆ ಕಡೆ ತಿರುಗಿತು. ಪಕ್ಕದಲ್ಲೇ ಗಿಡುಗಗಳಿಗೆಂದೇ ಒಂದು ಆಸ್ಪತ್ರೆಯಿದೆ. ಎಕ್ಸ್-ರೇ ತೆಗೆಯುತ್ತಾರೆ, ಮುರಿದ ಗರಿಗೆ ಬೇರೆ ಗರಿ ಜೋಡಿಸುತ್ತಾರೆ. ಕತಾರ್ ಏರ್‌ವೇಸ್‌ನ ಸಾಮಾನ್ಯ ದರ್ಜೆಯಲ್ಲಿ ಒಂದು ವಿಮಾನಕ್ಕೆ ಆರು ಗಿಡುಗಗಳವರೆಗೆ ಪ್ರಯಾಣಿಕರ ಜೊತೆಯೇ ಒಯ್ಯಬಹುದು. ಇದನ್ನು ಹೇಳಿದಾಗ ನಮ್ಮವರು, ಹಿಂದಿನ ರಾತ್ರಿ ಪಕ್ಕದ ಸೀಟಿನಲ್ಲಿ ಗೊರಕೆ ಹೊಡೆದವನಿಗಿಂತ ಗಿಡುಗವೇ ವಾಸಿ ಎಂದರು.

ಮುತ್ತಿನ ಅಂಗಡಿಗಳೂ ಈ ಪೇಟೆಯಲ್ಲಿವೆ. ನಮ್ಮ ಕಡೆಯವರು ಮುತ್ತಿನ ಬೆಲೆ ಕೇಳಿ ಮುಂದೆ ಹೋಗುತ್ತಾರೆ, ನಾನೂ ಹೋದೆ. ಆದರೆ ಎಣ್ಣೆ ಸಿಗುವುದಕ್ಕೆ ಮೊದಲು ಈ ಊರು ಬದುಕಿದ್ದೇ ಮುತ್ತಿನಿಂದ. ಬೇಸಿಗೆಯ ನಾಲ್ಕು ತಿಂಗಳು ಗಂಡಸರು ದೋಣಿಗಳಲ್ಲಿ ಹೊರಡುತ್ತಿದ್ದರು. ಮೂಗಿಗೆ ಚಿಮ್ಮಟ ಸಿಕ್ಕಿಸಿ, ಕಾಲಿಗೆ ಕಲ್ಲು ಕಟ್ಟಿ, ಕೊರಳಿಗೆ ಬುಟ್ಟಿ ನೇತುಹಾಕಿಕೊಂಡು ಮುಳುಗುವುದು, ಉಸಿರು ತೀರುವ ಮೊದಲು ಹಗ್ಗ ಎಳೆದು ಸೂಚಿಸುವುದು, ಮೇಲಿದ್ದವರು ಎತ್ತುವುದು, ದಿನವಿಡೀ ಇದೇ. ಮುಳುಗುವವನು ದೋಣಿಯ ಯಜಮಾನನಿಂದ ಮೊದಲೇ ಮುಂಗಡ ಪಡೆದಿರುತ್ತಿದ್ದ. ಮುತ್ತು ಸಿಗದ ವರ್ಷ ಸಾಲ ಬೆಳೆಯುತ್ತಿತ್ತು, ಮುಂದಿನ ಬೇಸಿಗೆಗೂ ಅವನು ಅದೇ ಯಜಮಾನನ ದೋಣಿ ಹತ್ತಬೇಕಾಗುತ್ತಿತ್ತು. ನಮ್ಮಲ್ಲಿ ಜೀತ ಎನ್ನುತ್ತಿದ್ದುದೂ ಬಹುಮಟ್ಟಿಗೆ ಇದನ್ನೇ. ಹೀಗೆ ತೆಗೆದ ಮುತ್ತಿಗೆ ದೊಡ್ಡ ಮಾರುಕಟ್ಟೆ ಮುಂಬಯಿ. ಅಲ್ಲಿಯ ವರ್ತಕರು ಕೊಂಡು, ತೂತು ಕೊರೆಸಿ, ಪೋಣಿಸಿ, ಲಂಡನ್ನಿಗೂ ಪ್ಯಾರಿಸ್ಸಿಗೂ ಕಳುಹಿಸುತ್ತಿದ್ದರು. ಜಪಾನಿನ ಮಿಕಿಮೊಟೊ ಕೃತಕವಾಗಿ ಮುತ್ತು ಬೆಳೆಯುವ ವಿಧಾನವನ್ನು ವ್ಯಾಪಾರಕ್ಕೆ ತಂದದ್ದು ಮತ್ತು 1930ರ ದಶಕದ ಜಾಗತಿಕ ಆರ್ಥಿಕ ಕುಸಿತ ಎರಡೂ ಒಟ್ಟಿಗೆ ಬಂದು ಈ ಕಸುಬನ್ನು ಮುಗಿಸಿದವು. ದುಖಾನ್‌ನಲ್ಲಿ ಎಣ್ಣೆ ಸಿಕ್ಕಿದ್ದು ಆ ದಶಕದ ಕೊನೆಯಲ್ಲಿ. ಮಹಾಯುದ್ಧದಿಂದ ತಡವಾಗಿ ಮೊದಲ ಹಡಗು ಎಣ್ಣೆ ಹೊತ್ತು ಹೊರಟದ್ದು 1949ರಲ್ಲಿ. ನಡುವಿನ ವರ್ಷಗಳಲ್ಲಿ ಇಲ್ಲಿಯ ಜನ ಹಸಿವಿನಿಂದ ಊರು ಬಿಟ್ಟು ಹೋಗುತ್ತಿದ್ದರು.

ಇನ್ನೊಂದು ಸಂಗತಿ ನಮ್ಮ ತಲೆಮಾರಿಗೂ ಗೊತ್ತಿಲ್ಲ. ಇಲ್ಲಿ ಬಹಳ ಕಾಲ ಚಲಾವಣೆಯಲ್ಲಿದ್ದ ಹಣ ಭಾರತದ ರೂಪಾಯಿ. ಆ ರೂಪಾಯಿಯಿಂದ ಕೊಲ್ಲಿಯಲ್ಲಿ ಚಿನ್ನ ಕೊಂಡು ಕಳ್ಳತನದಿಂದ ಭಾರತಕ್ಕೆ ಸಾಗಿಸುವುದು ಹೆಚ್ಚಾದಾಗ, 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿ ದೇಶಗಳಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿತು. 1966ರ ಜೂನ್‌ನಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿದ್ದೇ ತಡ, ಕತಾರ್ ಅದನ್ನು ಕೈಬಿಟ್ಟಿತು. ನಾನು ಹುಟ್ಟಿದ ಕಾಲಕ್ಕೂ ಇಲ್ಲಿ ನಡೆಯುತ್ತಿದ್ದ ನಮ್ಮ ಹಣದ ಜಾಗದಲ್ಲಿ ಈಗ ಒಂದು ರಿಯಾಲ್ ಕೊಳ್ಳಲು ಇಪ್ಪತ್ತಕ್ಕೂ ಹೆಚ್ಚು ರೂಪಾಯಿ ಕೊಡಬೇಕು. ಚಹಾ ಕುಡಿಯುವಾಗ ನಮ್ಮವರಿಗೆ ಇದನ್ನು ಹೇಳಿದೆ. ಏಲಕ್ಕಿ ಹಾಕಿ, ಹಾಲಿನಲ್ಲಿ ಚೆನ್ನಾಗಿ ಕುದಿಸಿ, ಕಾಗದದ ಲೋಟದಲ್ಲಿ ಕೊಡುವ ಕರಕ್ ಚಹಾ ಅದು. ಬರ್ಲಿನ್ನಿನ ನೀರು ಚಹಾದ ಮೇಲೆ ಅದನ್ನು ಕುಡಿದಾಗಲೇ ಅರ್ಧ ಊರು ತಲುಪಿದಂತಾಯಿತು.

ನಾನು ಮುಖ್ಯವಾಗಿ ಬರೆಯಬೇಕೆಂದಿದ್ದುದು ಮೂರನೆಯ ಜಾಗದ ಬಗ್ಗೆ. ಪೇಟೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಮುಶೈರಿಬ್ ಎಂಬ ಬಡಾವಣೆಯಿದೆ. ಹಳೆಯದನ್ನೆಲ್ಲ ಕೆಡವಿ ಹೊಸದಾಗಿ ಕಟ್ಟಿರುವ, ನೆರಳಿನ ಬೀದಿಗಳ, ಟ್ರಾಮ್ ಓಡುವ ಅಚ್ಚುಕಟ್ಟಾದ ಜಾಗ. ಕೆಡವದೆ ಉಳಿಸಿಕೊಂಡ ನಾಲ್ಕು ಹಳೆಯ ಮನೆಗಳನ್ನು ಸಂಗ್ರಹಾಲಯ ಮಾಡಿದ್ದಾರೆ; ಪ್ರವೇಶ ಉಚಿತ. ಅವುಗಳಲ್ಲಿ ಒಂದು ಬಿನ್ ಜಲ್ಮೂದ್ ಮನೆ. ಇದು ಗುಲಾಮರ ವ್ಯಾಪಾರಿಯೊಬ್ಬನ ಮನೆಯಾಗಿತ್ತು. ಹಿಂದೂ ಮಹಾಸಾಗರದ ಸುತ್ತ ನಡೆದ ಗುಲಾಮಗಿರಿಯ ಇತಿಹಾಸವನ್ನು 2015ರಿಂದ ಇದೇ ಮನೆಯಲ್ಲಿ ಹೇಳುತ್ತಿದ್ದಾರೆ. ಅಟ್ಲಾಂಟಿಕ್ ದಾಟಿಸಿ ಅಮೆರಿಕಕ್ಕೆ ಒಯ್ದವರ ಕಥೆ ಎಲ್ಲರಿಗೂ ಗೊತ್ತು. ನಮ್ಮ ಸಮುದ್ರದ ಕಥೆಯನ್ನು ಇಷ್ಟು ನೇರವಾಗಿ, ಅದೂ ಗುಲಾಮರನ್ನು ಕೊಂಡವರ ದೇಶದಲ್ಲೇ, ಹೇಳಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಂಗಳದ ಸುತ್ತ ಸಣ್ಣ ಸಣ್ಣ ಕೋಣೆಗಳು, ತಣ್ಣನೆಯ ದಪ್ಪ ಗೋಡೆಗಳು, ಗೋಡೆಯ ಮೇಲೆ ಓಡುವ ಚಿತ್ರಗಳು. ಪೂರ್ವ ಆಫ್ರಿಕಾದ ಒಳನಾಡಿನಿಂದ ಹಿಡಿದು ತಂದವರನ್ನು ಜಂಜಿಬಾರ್‌ನ ಕಡೆಯಿಂದ ಒಮಾನ್‌ಗೆ, ಅಲ್ಲಿಂದ ಕೊಲ್ಲಿಯ ಊರುಗಳಿಗೆ ತರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮುತ್ತಿಗೂ ಖರ್ಜೂರಕ್ಕೂ ಹೊರದೇಶಗಳಲ್ಲಿ ಬೇಡಿಕೆ ಹೆಚ್ಚಾದಂತೆ ಇಲ್ಲಿ ಮುಳುಗುವ, ತೋಟ ಮಾಡುವ ಆಳುಗಳ ಬೇಡಿಕೆಯೂ ಹೆಚ್ಚಿತು. ಎಣ್ಣೆಯ ಕಂಪನಿ ಬಂದ ಮೇಲೂ ಮಾಲೀಕರು ತಮ್ಮ ಗುಲಾಮರನ್ನು ಕೂಲಿಗೆ ಕಳುಹಿಸಿ ಅವರ ಸಂಬಳದ ದೊಡ್ಡ ಪಾಲನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ಕತಾರ್‌ನಲ್ಲಿ ಗುಲಾಮಗಿರಿ ಕಾನೂನಿನಿಂದ ಹೋದದ್ದು 1952ರಲ್ಲಿ. ಆಗ ಪರಿಹಾರದ ಹಣ ಸಿಕ್ಕಿದ್ದು ಬಿಡುಗಡೆಯಾದವರಿಗಲ್ಲ, ಅವರನ್ನು ಇಟ್ಟುಕೊಂಡಿದ್ದವರಿಗೆ. ಇದನ್ನು ಅರಬರ ವಿಚಿತ್ರ ನ್ಯಾಯ ಎಂದು ನಗುವ ಹಾಗಿಲ್ಲ, 1833ರ ಕಾಯ್ದೆಯ ಪ್ರಕಾರ ಬ್ರಿಟನ್ ಕೂಡ ಎರಡು ಕೋಟಿ ಪೌಂಡ್ ಕೊಟ್ಟದ್ದು ಮಾಲೀಕರಿಗೇ.

ನಾನು ಯಲ್ಲಾಪುರ ತಾಲೂಕಿನವಳು. ನಮ್ಮ ಅಡಿಕೆ ತೋಟದಲ್ಲಿ ಅಜ್ಜನ ಕಾಲದಿಂದಲೂ ಸಿದ್ದಿಯರು ಕೆಲಸ ಮಾಡಿದ್ದಾರೆ. ಸೊಪ್ಪು ಕಡಿಯುವುದು, ಅಡಿಕೆ ಹೊರುವುದು, ಮಳೆಗಾಲಕ್ಕೆ ಮುಂಚೆ ಕಟ್ಟಿಗೆ ಕೂಡಿಸುವುದು ಅವರ ಕೈಯಲ್ಲೇ ಆಗಬೇಕಿತ್ತು. ಅವರು ನಮ್ಮ ಜೊತೆ ಕನ್ನಡ, ತಮ್ಮತಮ್ಮಲ್ಲಿ ಕೊಂಕಣಿ ಮಾತನಾಡುತ್ತಿದ್ದರು. ಹಬ್ಬದ ರಾತ್ರಿ ಅವರ ಕೇರಿಯ ಕಡೆಯಿಂದ ಡಮಾಮಿಯ ಸದ್ದು ಕೇಳುತ್ತಿತ್ತು. ಅವರ ಪೂರ್ವಿಕರು ಎಲ್ಲಿಂದ ಬಂದರು, ಯಾರು ತಂದರು, ಕಾಡಿಗೆ ಯಾಕೆ ಬಂದರು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವಾಕ್ಕೆ ಗುಲಾಮರನ್ನು ತಂದರೆಂದೂ, ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರೆಂದೂ ಕಾಲೇಜಿಗೆ ಬಂದ ಮೇಲೆ ಪುಸ್ತಕದಲ್ಲಿ ಓದಿದೆ. ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ನಮ್ಮ ತಾಲೂಕಿನವರೇ ಆದ ಶಾಂತಾರಾಮ ಸಿದ್ದಿ ಅವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡಾಗ, ಆ ಸಮುದಾಯದಿಂದ ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲಿಗರು ಎಂದು ಪತ್ರಿಕೆಗಳು ಬರೆದವು.

ದೋಹಾದ ಆ ಮನೆಯಲ್ಲಿ ಸಮುದ್ರದ ದಾರಿಗಳನ್ನು ನೋಡುತ್ತಾ ನಿಂತಾಗ ಕಣ್ಣಿಗೆ ಕಂಡದ್ದು ನಮ್ಮ ತೋಟದ ದಾರಿ. ಪೋರ್ಚುಗೀಸರ ವ್ಯಾಪಾರ ಬೇರೆ, ಅರಬರ ವ್ಯಾಪಾರ ಬೇರೆ, ಎರಡನ್ನೂ ಕಲಸಿ ಹೇಳುವುದು ಸರಿಯಲ್ಲ. ಆದರೆ ಒಂದೇ ಆಫ್ರಿಕಾದ ತೀರದಿಂದ ಹೊರಟ ಜನರಲ್ಲಿ ಕೆಲವರ ಮೊಮ್ಮಕ್ಕಳು ಇಲ್ಲಿ ಕತಾರ್‌ನ ಪ್ರಜೆಗಳಾಗಿದ್ದಾರೆ, ಮದುವೆಗಳಲ್ಲಿ ಲೇವಾ ಕುಣಿತ ಕುಣಿಯುತ್ತಾರೆ. ಇನ್ನು ಕೆಲವರ ಮೊಮ್ಮಕ್ಕಳು ನಮ್ಮ ಅಡಿಕೆ ಮಂಡಿಯ ಲಾರಿಗಳಿಗೆ ಮೂಟೆ ಏರಿಸುತ್ತಾರೆ. ನಮ್ಮವರು ಆ ಕೋಣೆಯಿಂದ ಹೊರಗೆ ಬಂದು ಅಂಗಳದ ಬೆಂಚಿನ ಮೇಲೆ ಬಹಳ ಹೊತ್ತು ಕುಳಿತರು. ಆಮೇಲೆ, ನಮ್ಮ ಮನೆಯಲ್ಲಿ ಮೂವತ್ತು ವರ್ಷ ದುಡಿದ ಒಬ್ಬರ ಹೆಸರು ಹೇಳಿ, "ಅವನಿಗೆ ಇದನ್ನು ತೋರಿಸಬೇಕಿತ್ತು" ಎಂದರು. ಅವರು ತೀರಿಕೊಂಡು ಕೆಲವು ವರ್ಷಗಳಾದವು.

ಈ ಸಂಗ್ರಹಾಲಯ ಇಂದಿನ ದುಡಿಮೆಗಾರರ ಶೋಷಣೆಯ ಪ್ರಶ್ನೆಯನ್ನೂ ಎತ್ತುತ್ತದೆ. ಎತ್ತಲೇಬೇಕು. ಸುಮಾರು 30 ಲಕ್ಷ ಜನರಿರುವ ಈ ದೇಶದಲ್ಲಿ ಭಾರತೀಯರೇ 7 ಲಕ್ಷಕ್ಕೂ ಹೆಚ್ಚು. ಕೆಲಸ ಬದಲಾಯಿಸಲು ಮಾಲೀಕನ ಒಪ್ಪಿಗೆ ಪತ್ರ ಬೇಕೆಂಬ ನಿಯಮ 2020ರವರೆಗೂ ಇತ್ತು. ವಿಶ್ವಕಪ್ ಹತ್ತಿರ ಬಂದಂತೆ ಜಗತ್ತಿನ ಟೀಕೆ ಬಲವಾಯಿತು, ಕಾನೂನು ಬದಲಾಯಿತು. 2021ರ ಮಾರ್ಚ್‌ನಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನವೂ ಬಂತು, ಊಟ ವಸತಿ ಕೊಡದ ಮಾಲೀಕ ಅದಕ್ಕೆ 800 ರಿಯಾಲ್ ಸೇರಿಸಬೇಕು. ಆದರೂ ಬರುವ ಮೊದಲೇ ಊರಿನಲ್ಲಿ ಏಜೆಂಟನಿಗೆ ಸಾಲ ಮಾಡಿ ಹಣ ಕೊಟ್ಟು, ಮೊದಲ ವರ್ಷಗಳ ಸಂಬಳವನ್ನೆಲ್ಲ ಅದನ್ನು ತೀರಿಸುವುದಕ್ಕೇ ಹಾಕುವವರಿದ್ದಾರೆ. ಆ ಏಜೆಂಟ್ ನಮ್ಮವನೇ. ಮುತ್ತಿನ ದೋಣಿಯ ಮುಂಗಡದ ಲೆಕ್ಕವನ್ನು ಓದಿ ಬಂದ ಕೂಡಲೇ ಇದು ನೆನಪಾಗದೆ ಇರುವುದಿಲ್ಲ.

ಸಂಜೆ ಕಾಲು ಸೋತಿದ್ದರಿಂದ ಹೋಟೆಲಿನಲ್ಲಿ ಸ್ನಾನ ಮುಗಿಸಿ, ಒಂದು ಗಳಿಗೆ ಮಲಗಿ, ನಿಲ್ದಾಣಕ್ಕೆ ಟ್ಯಾಕ್ಸಿಯಲ್ಲೇ ಹೊರಟೆವು. ನಾವಿಬ್ಬರೂ ಮಾತನಾಡುತ್ತಿದ್ದುದನ್ನು ಸ್ವಲ್ಪ ದೂರ ಕೇಳಿಸಿಕೊಂಡ ಚಾಲಕ ಕನ್ನಡಿಯಲ್ಲಿ ನೋಡಿ, "ಅಮ್ಮ, ನೀವ್ ಯಾವ್ ಬದಿಯವ್ರ್?" ಎಂದು ಕುಂದಾಪುರದ ಮಾತಿನಲ್ಲೇ ಕೇಳಿದ. ಅವನದು ಬೈಂದೂರಿನ ಹತ್ತಿರದ ಹಳ್ಳಿ. ಮನೆಯಲ್ಲಿ ತಾಯಿ, ಹೆಂಡತಿ, ಶಾಲೆಗೆ ಹೋಗುವ ಮಗಳು. ಎರಡು ವರ್ಷಕ್ಕೊಮ್ಮೆ ಊರಿಗೆ. ಇಲ್ಲಿ ತುಳುಕೂಟವೂ ಕರ್ನಾಟಕ ಸಂಘವೂ ಇರುವುದರಿಂದ ರಾಜ್ಯೋತ್ಸವದ ದಿನ ನಾಲ್ಕು ಜನರ ಮುಖ ನೋಡಬಹುದು ಎಂದ. ನಾವು ಎಲ್ಲಿಗೆ ಹೋಗಿದ್ದೆವೆಂದು ವಿಚಾರಿಸಿದ. ಮುಶೈರಿಬ್‌ನ ಹಳೆಯ ಮನೆಗಳ ಮುಂದೆ ವಾರಕ್ಕೆ ನಾಲ್ಕು ಸಲವಾದರೂ ಪ್ರವಾಸಿಗರನ್ನು ಇಳಿಸುತ್ತಾನಂತೆ, "ಒಳ್ಗ್ ಮಾತ್ರ ಹೋದ್ದಿಲ್ಲೆ" ಎಂದ. ಒಳಗೆ ಏನಿದೆ ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಗಾಡಿ ಓಡಿಸಿದ. ಆಮೇಲೆ ಟಿಕೆಟ್ ಎಷ್ಟು ಎಂದು ಕೇಳಿದ. ಟಿಕೆಟ್ ಇಲ್ಲ, ಉಚಿತ ಎಂದೆ. ರಜೆಯ ದಿನ ಕೋಣೆಯ ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ, ಅವರಲ್ಲೊಬ್ಬ ಹಳಿಯಾಳದ ಸಿದ್ದಿ ಹುಡುಗ ಎಂದು ಹೇಳಿ, ನಿಲ್ದಾಣದ ಹೊರಡುವ ದ್ವಾರದಲ್ಲಿ ನಮ್ಮ ಚೀಲಗಳನ್ನು ಇಳಿಸಿಕೊಟ್ಟ.